ಮಾರ್ಮನ್ ಚರ್ಚಲ್ಲಿ ಇದ್ಕೊಂಡೇ ಡೌಟ್ ಶುರುವಾಗಿದ್ಯಾ? ಯಾರಿಗೆ ಮೊದಲು ಹೇಳ್ಬೇಕು, ಯಾರಿಗೆ ಆಮೇಲೆ

ರಾತ್ರಿ ಎರಡು ಗಂಟೆಗೆ ಮೊಬೈಲ್ ಹಿಡ್ಕೊಂಡು ಚರ್ಚ್ ಶುರು ಮಾಡಿದ ಜೋಸೆಫ್ ಸ್ಮಿತ್ ಮದುವೆಗಳ ಬಗ್ಗೆ ಓದ್ತಾ ಕೂತಿದೀರ, ಪಕ್ಕದಲ್ಲಿ ಹೆಂಡ್ತಿನೋ ಗಂಡನೋ ಒಳ್ಳೆ ನಿದ್ದೆಲಿದಾರೆ, ನಿಮ್ಮ ಎದೆ ಮಾತ್ರ ಡವಡವ ಅಂತಿದೆ. ಹಾಗಿದ್ರೆ ಮೊದಲನೇ ಕೆಲಸ ಇದು: ಇವತ್ತು ರಾತ್ರಿ ಯಾರಿಗೂ ಮೆಸೇಜ್ ಹಾಕ್ಬೇಡಿ. ಬಿಷಪ್‌ಗೆ (ನಿಮ್ಮ ಸ್ಥಳೀಯ ಚರ್ಚಿನ ಮುಖ್ಯಸ್ಥರಿಗೆ) ಬೇಡ, ಅಮ್ಮಂಗೆ ಬೇಡ, ಫೇಸ್‌ಬುಕ್ಕಿಗಂತೂ ಬೇಡ್ವೇ ಬೇಡ. 1830ರಲ್ಲಿ ಶುರುವಾದ ಚರ್ಚು ನಾಳೆ ಬೆಳಿಗ್ಗೆನೂ ಇರುತ್ತೆ, ನಿಮ್ಮ ಪ್ರಶ್ನೆನೂ ಎಲ್ಲೂ ಓಡಿ ಹೋಗಲ್ಲ.

ಇದನ್ನ ಉಲ್ಟಾ ಮಾಡಿ ಪೆಟ್ಟು ತಿಂದವನು ನಾನು, ಅದಕ್ಕೇ ಹೇಳ್ತಿರೋದು. ಬಿಷಪ್ ಒಳ್ಳೆ ಮನುಷ್ಯ ಕೇಳಿಸ್ಕೊಳ್ತಾರೆ ಅಂತ ಸೀದಾ ಅವರ ಆಫೀಸಿಗೆ ಹೋಗಿ ಒಂದೂವರೆ ಗಂಟೆ ಎಲ್ಲಾ ಕಕ್ಕಿಬಿಟ್ಟೆ, ಅವರೂ ಪಾಪ ತಲೆ ಆಡಿಸ್ತಾ ಕೇಳಿದ್ರು, ಎರಡೇ ವಾರದಲ್ಲಿ ಸಂಡೇ ಸ್ಕೂಲ್ ಪಾಠ ಮಾಡೋ ಕಾಲಿಂಗಿಂದ (ಚರ್ಚ್ ಒಪ್ಪಿಸೋ ಜವಾಬ್ದಾರಿಗೆ ಹಾಗಂತಾರೆ) ನನ್ನನ್ನ ರಿಲೀಸ್ ಮಾಡಿದ್ರು, ಇನ್ನು ನನ್ನ ಹೆಂಡ್ತಿಗೆ ವಿಷಯ ಗೊತ್ತಾಗಿದ್ದು ಹೇಗೆ ಅಂದ್ರೆ ರಿಲೀಫ್ ಸೊಸೈಟಿಲಿ (ಚರ್ಚಿನ ಹೆಂಗಸರ ಸಂಘ) ಯಾರೋ ಒಬ್ರು ಬಂದು ಭುಜ ಒತ್ತಿ "ನಿಮ್ಮ ಮನೆಯವರಿಗೋಸ್ಕರ ಪ್ರಾರ್ಥನೆ ಮಾಡ್ತಿದೀವಿ" ಅಂದಾಗ. ನನಗೆ ಡೌಟ್ ಬಂದಿದ್ದನ್ನ ಅವಳು ಆಮೇಲೆ ಹೇಗೋ ಅರಗಿಸ್ಕೊಂಡ್ಳು, ಊರಿಗೆಲ್ಲಾ ಗೊತ್ತಾದ್ಮೇಲೆ ತನಗೆ ಗೊತ್ತಾಯ್ತಲ್ಲ ಅನ್ನೋದನ್ನ ಅರಗಿಸ್ಕೊಳ್ಳೋಕೆ ವರ್ಷಗಟ್ಲೆ ಬೇಕಾಯ್ತು.

ಆದ್ದರಿಂದ ಆರ್ಡರ್ ಮುಖ್ಯ. ಮದುವೆ ಆಗಿದ್ರೆ ಮೊದಲು ಸಂಗಾತಿ, ಆಮೇಲೆ ಬಾಯಿ ಗಟ್ಟಿ ಇರೋ ಒಬ್ಬ ಫ್ರೆಂಡು (ಆದ್ರೆ ನಿಮ್ಮ ವಾರ್ಡಿನವರಲ್ಲ, ಅಂದ್ರೆ ನಿಮ್ಮ ಸ್ಥಳೀಯ ಚರ್ಚಿನವರಲ್ಲ), ಅಪ್ಪ ಅಮ್ಮ ತುಂಬಾ ಆಮೇಲೆ, ಬಿಷಪ್ ಎಲ್ಲರಿಗಿಂತ ಕೊನೆಗೆ, ಅದೂ ಅಗತ್ಯ ಬಿದ್ರೆ ಮಾತ್ರ.

ಸಂಗಾತಿಗೆ ಹೇಳೋದು

ಇಲ್ಲಿ ಒಂದು ವಿಷಯ ಅರ್ಥ ಮಾಡ್ಕೊಳ್ಬೇಕು. ಟೆಂಪಲ್ಲಲ್ಲಿ (ಚರ್ಚಿನ ವಿಶೇಷ ಪವಿತ್ರ ಕಟ್ಟಡ) ಸೀಲಿಂಗ್ (ಶಾಶ್ವತವಾಗಿ ಬೆಸೆಯೋ ವಿಧಿ) ಆಗಿರೋ ಮದುವೆ ಸಾವಿನಾಚೆಗೂ ಇರುತ್ತೆ ಅನ್ನೋದು ಈ ಧರ್ಮದ ಹೃದಯ. ಹಾಗಾಗಿ ನೀವು "ನನಗೆ ಚರ್ಚ್ ಬಗ್ಗೆ ಗ್ಯಾರಂಟಿ ಇಲ್ಲ" ಅಂದ್ರೆ ಅವರ ಕಿವಿಗೆ ಅದು "ಶಾಶ್ವತವಾಗಿ ನಿನ್ನ ಜೊತೆ ಇರ್ತೀನಿ ಅಂದಿದ್ನಲ್ಲ, ಅದನ್ನ ವಾಪಸ್ ತಗೊಂಡೆ" ಅಂತ ಕೇಳಿಸುತ್ತೆ. ಏನು ಬದಲಾಗ್ತಿಲ್ಲ ಅನ್ನೋದನ್ನ ಅದಕ್ಕೇ ಮೊದಲು ಹೇಳಿ, ನಿನ್ನ ಬಿಟ್ಟು ಹೋಗಲ್ಲ, ಮಕ್ಕಳ ವಿಷಯದಲ್ಲಿ ನಿನ್ನ ಕೇಳ್ದೆ ಏನೂ ಮಾಡಲ್ಲ, ನಾಳೆನೇ ಕುಡಿಯೋಕೆ ಶುರು ಮಾಡಲ್ಲ, ಇಂಥದ್ದು. ಇದೆಲ್ಲಾ ಬಾಲಿಶ ಅನ್ಸಬಹುದು ಆದ್ರೆ ಎದುರಿಗಿರೋರ ತಲೇಲಿ ಆ ಕ್ಷಣ ಓಡ್ತಿರೋದು ಇದೇ.

ಆಮೇಲೆ ಒಂದೇ ಒಂದು ಪ್ರಶ್ನೆ ಹೇಳಿ. ನೀವು ಆರು ತಿಂಗಳು ಕದ್ದು ಓದಿದ್ದನ್ನೆಲ್ಲಾ ಒಂದೇ ಸಂಜೆ ಅವರ ತಲೆ ಮೇಲೆ ಸುರಿಯೋದು ಅನ್ಯಾಯ. ಲಿಂಕ್ ಕಳಿಸ್ಬೇಡಿ, ಓದು ಓದು ಅಂತ ಪೀಡಿಸ್ಬೇಡಿ. ಅವರಾಗೇ ಕೇಳಿದ್ರೆ ಹೇಳಿ. ಕೇಳ್ದೇ ಇದ್ರೆ ಅದು ಅವರ ಹಕ್ಕು, ನಂಬೋರನ್ನ ಪೆದ್ದರು ಅನ್ನೋ ಹಾಗೆ ನೋಡೋಕೆ ಶುರು ಮಾಡಿದ್ರೆ ನಿಮ್ಮ ಮನೇಲಿ ಸಮಸ್ಯೆ ಚರ್ಚಿಂದ ಬಂದಿದ್ದಲ್ಲ, ನಿಮ್ಮಿಂದ.

ಓದೋದಾದ್ರೆ

ನಿಮ್ಮ ಪ್ರಶ್ನೆಗಳಲ್ಲಿ ಮುಕ್ಕಾಲು ಭಾಗ ಚರ್ಚ್ ತಾನೇ ಬರೆದು ಒಪ್ಕೊಂಡಿರೋ ವಿಷಯಗಳು. 2013ರ ಕೊನೆಯಿಂದ 2015ರವರೆಗೆ ಚರ್ಚಿನ ಸ್ವಂತ ವೆಬ್‌ಸೈಟಲ್ಲಿ ಗಾಸ್ಪೆಲ್ ಟಾಪಿಕ್ಸ್ ಎಸ್ಸೇಗಳು ಅಂತ ಬಂದ್ವು, ಮೊದಲು ಅವನ್ನ ಓದಿ, ಯಾಕಂದ್ರೆ ನಾಳೆ ಯಾರಾದ್ರೂ "ಇದು ಶತ್ರುಗಳು ಹಬ್ಬಿಸಿದ ಸುಳ್ಳು" ಅಂದ್ರೆ ಮೂಲ ನಿಮ್ಮ ಕೈಲಿರುತ್ತೆ. ಜೋಸೆಫ್ ಸ್ಮಿತ್ ತನಗಾದ ಮೊದಲ ದೈವ ದರ್ಶನದ ಬಗ್ಗೆ ತಾನೇ 1832, 1835, 1838, 1842ರಲ್ಲಿ ಬೇರೆ ಬೇರೆ ಥರ ಹೇಳಿರೋದು, ಟೋಪಿಯೊಳಗೆ ಕಲ್ಲಿಟ್ಕೊಂಡು ಚರ್ಚಿನ ಧರ್ಮಗ್ರಂಥ ಬುಕ್ ಆಫ್ ಮಾರ್ಮನ್ ಅನುವಾದ ಮಾಡಿದ್ದು (ಆ ಕಲ್ಲಿನ ಫೋಟೋನ 2015ರಲ್ಲಿ ಚರ್ಚೇ ಪ್ರಕಟ ಮಾಡ್ತು), 15 ತುಂಬೋಕೆ ಕೆಲವು ತಿಂಗಳಿದ್ದ ಹುಡುಗಿ ಜೊತೆಗೂ ಅವರಿಗೆ ಸೀಲಿಂಗ್ ಆಗಿದ್ದು, 1967ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಮ್ಮಿಂದ ವಾಪಸ್ ಸಿಕ್ಕಿದ ಪಪೈರಸ್ ತುಂಡುಗಳಲ್ಲಿರೋದಕ್ಕೂ ಪಪೈರಸ್‌ನಿಂದ ಅನುವಾದ ಮಾಡಿದ್ದು ಅಂತ ಜೋಸೆಫ್ ಹೇಳಿದ ಬುಕ್ ಆಫ್ ಅಬ್ರಹಾಮಲ್ಲಿರೋದಕ್ಕೂ ತಾಳೆ ಆಗ್ದೇ ಇರೋದು, ಜೋಸೆಫ್ ಕಾಲದಲ್ಲಿ ಕೆಲವು ಕಪ್ಪು ಗಂಡಸರಿಗೆ ಪ್ರೀಸ್ಟ್‌ಹುಡ್ (ಧಾರ್ಮಿಕ ವಿಧಿ ನಡೆಸೋ ಅಧಿಕಾರ) ಇದ್ದಿದ್ದು, ಆಮೇಲೆ 1852ರಲ್ಲಿ ಜೋಸೆಫ್ ನಂತರದ ನಾಯಕ ಬ್ರಿಗಮ್ ಯಂಗ್ ಅದನ್ನ ನಿಲ್ಲಿಸ್ತೀವಿ ಅಂತ ಬಹಿರಂಗವಾಗಿ ಹೇಳಿದ್ದು, 1978ರ ಜೂನ್‌ವರೆಗೂ ಅದು ಹಾಗೇ ಇದ್ದಿದ್ದು, ಎಲ್ಲಾ ಅಲ್ಲೇ ಇದೆ. ನೀವೇನು ಒಪ್ತೀರ ಅನ್ನೋದು ಬೇರೆ ಮಾತು, ನಂಬಿಕೆ ಇಟ್ಕೊಂಡೇ ಇದನ್ನೆಲ್ಲಾ ಓದಿರೋರೂ ಬೇಕಾದಷ್ಟಿದಾರೆ.

ಒಂದು ನೋಟ್‌ಬುಕ್ ಇಟ್ಕೊಳಿ, ಎಡಗಡೆ ಇತಿಹಾಸದ ಪ್ರಶ್ನೆ, ಬಲಗಡೆ ಹೊಟ್ಟೆಲಿ ಉರೀತಿರೋ ಪ್ರಶ್ನೆ. ಇವೆರಡೂ ಬೇರೆ ಬೇರೆ. ಸಲಿಂಗಿ ಜೋಡಿಗಳ ಮಕ್ಕಳಿಗೆ ಬ್ಯಾಪ್ಟಿಸಂ ಇಲ್ಲ ಅಂತ 2015ರ ನವೆಂಬರಲ್ಲಿ ಬಂದ ನಿಯಮ ಮೂರೂವರೆ ವರ್ಷಕ್ಕೆ, 2019ರ ಏಪ್ರಿಲಲ್ಲಿ ವಾಪಸ್ ಹೋಯ್ತಲ್ಲ, ಅದು ಹಲವರಿಗೆ ಪಪೈರಸ್‌ಗಿಂತ ಜಾಸ್ತಿ ಚುಚ್ಚಿದೆ. ತಮ್ಮನೋ ಮಗಳೋ ಆ ಜಾಗದಲ್ಲಿದ್ರೆ ಯಾವ ಎಸ್ಸೇನೂ ಉತ್ತರ ಕೊಡಲ್ಲ. ಉತ್ತರ ಸಿಗದ ಪ್ರಶ್ನೆಗಳನ್ನ "ಶೆಲ್ಫ್ ಮೇಲೆ ಇಟ್ಟಿದೀನಿ" ಅಂತಾರೆ ನಮ್ಮೋರು, ಒಂದಿನ ಭಾರ ಜಾಸ್ತಿಯಾಗಿ ಶೆಲ್ಫೇ ಮುರೀತು ಅಂತಾರೆ. ಯಾವ ಸಾಮಾನು ಭಾರ ಅಂತ ನಿಮಗಾದ್ರೂ ಗೊತ್ತಿರ್ಲಿ.

ಡೌಟ್ ಪಡೋರು ನೀವೊಬ್ರೇ ಅಂತ ಅನ್ಸಿದ್ರೆ ಡೈಲಾಗ್ ಅನ್ನೋ ಪತ್ರಿಕೆ 1966ರಿಂದ ಇದೇ ಪ್ರಶ್ನೆಗಳನ್ನ ಕೇಳ್ತಾ ಬಂದಿದೆ. ಮೂರು ತಿಂಗಳ ಕೋಪದ ವಿಡಿಯೋಗಳಿಗಿಂತ ಅಲ್ಲಿನ ಹಳೇ ಲೇಖನಗಳು ಮೇಲು.

ವಾರ್ಡಲ್ಲಿ ಬದುಕೋದು

ಬಿಸಿ ತುಪ್ಪ, ನುಂಗೋಕೂ ಆಗಲ್ಲ ಉಗುಳೋಕೂ ಆಗಲ್ಲ. ದೇಹ ಒಳಗೆ ಮನಸ್ಸು ಹೊರಗೆ. ಇದನ್ನ ಕೆಲವರು ಎರಡು ತಿಂಗಳು ಮಾಡ್ತಾರೆ ಕೆಲವರು ಇಪ್ಪತ್ತು ವರ್ಷ, ಮಾರ್ಮನ್ನರು ಜಾಸ್ತಿ ಇರೋ ಅಮೆರಿಕದ ಯೂಟಾ ರಾಜ್ಯದಲ್ಲಂತೂ ಅಕ್ಕಪಕ್ಕದ ಮನೆಯವರೆಲ್ಲಾ ಒಂದೇ ವಾರ್ಡು, ಭಾನುವಾರ ನೀವು ಬರ್ಲಿಲ್ಲ ಅಂದ್ರೆ ಗ್ಯಾರೇಜ್ ಬಾಗಿಲು ನೋಡಿನೇ ಗೊತ್ತಾಗುತ್ತೆ. 2019ರಿಂದ ಮೂರು ಗಂಟೆ ಮೀಟಿಂಗು ಎರಡು ಗಂಟೆಗೆ ಇಳಿದಿದ್ದು ಈ ಥರದವರಿಗೆ ನಿಜವಾದ ಪವಾಡ.

ತಿಂಗಳ ಮೊದಲ ಭಾನುವಾರ ಉಪವಾಸ, ಅವತ್ತು ಯಾರು ಬೇಕಾದ್ರೂ ಎದ್ದು ಸಾಕ್ಷಿ ಹೇಳಬಹುದು, ಎಲ್ಲರೂ "ಈ ಚರ್ಚ್ ಸತ್ಯ ಅಂತ ನನಗೆ ಗೊತ್ತು" ಅಂತಾರೆ. ನೀವು ಎದ್ದೇಳಲೇಬೇಕು ಅಂತ ಎಲ್ಲೂ ಇಲ್ಲ. ಎದ್ರೆ "ಗೊತ್ತು" ಅನ್ನೋ ಪದ ಬಿಟ್ಟು "ಆಸೆ ಇದೆ" ಅನ್ನಿ, "ನನಗೆ ಇದು ಇಷ್ಟ" ಅನ್ನಿ, ಸುಳ್ಳೂ ಆಗಲ್ಲ ಬಾಂಬೂ ಆಗಲ್ಲ. ಡೌಟ್‌ಗಳನ್ನ ಮಾತ್ರ ಆ ಮೈಕಲ್ಲಿ ಹೇಳೋಕೆ ಹೋಗ್ಬೇಡಿ, ಧೈರ್ಯ ಅಂತ ನಿಮಗನ್ಸುತ್ತೆ, ಮುಂದಿನ ಸಾಲಲ್ಲಿ ಕೂತಿರೋ ನಿಮ್ಮ ಮಗಳಿಗೆ ಅದು ಬೇರೆನೇ ಅನುಭವ.

ಕಾಲಿಂಗ್ ಬೇಡ ಅನ್ನೋಕೆ ಕಾರಣ ಕೊಡ್ಬೇಕಾಗಿಲ್ಲ, "ಈಗ ಆಗಲ್ಲ" ಸಾಕು. ಇಲ್ಲಾಂದ್ರೆ ನಂಬಿಕೆ ಬಗ್ಗೆ ಬಾಯಿ ಬಿಡ್ಬೇಕಾಗಿರದ ಕೆಲಸ ಕೇಳಿ, ಪಿಯಾನೋ, ಲೈಬ್ರರಿ, ಕುರ್ಚಿ ಜೋಡಿಸೋದು, ನರ್ಸರಿ. ಎರಡು ವರ್ಷದ ಮಕ್ಕಳು ಬುಕ್ ಆಫ್ ಅಬ್ರಹಾಂ ಬಗ್ಗೆ ಏನೂ ಕೇಳಲ್ಲ. ಮಿನಿಸ್ಟರಿಂಗ್‌ಗೆ (ಯೋಗಕ್ಷೇಮ ವಿಚಾರಿಸೋಕೆ) ಅಂತ ಮನೆಗೆ ಬರೋ ಚರ್ಚಿನವರಿಗೆ, ಬರೋ ಮುಂಚೆ ಮೆಸೇಜ್ ಹಾಕಿ ಅಂತ ನಗ್ತಾ ಹೇಳಿ, ಒಳ್ಳೆಯವರಾದ್ರೆ ಖುಷಿಯಿಂದ ಒಪ್ತಾರೆ.

"ಯಾರೋ ನಿಮ್ಮ ಮನಸ್ಸು ನೋಯಿಸಿರಬೇಕು", "ಏನೋ ಪಾಪ ಮಾಡಿರಬೇಕು", "ಸೋಮಾರಿತನ" ಅನ್ನೋ ಮೂರು ಕಾರಣ ಬಂದೇ ಬರುತ್ತೆ. ಅದಕ್ಕೆ ನನ್ನ ಬಳಿ ಇರೋ ಒಳ್ಳೆ ಉತ್ತರ ಚರ್ಚಿನ ಒಳಗಿಂದ್ಲೇ ಸಿಕ್ಕಿದ್ದು: 2013ರ ಅಕ್ಟೋಬರ್ ಕಾನ್ಫರೆನ್ಸಲ್ಲಿ ಡೀಟರ್ ಉಕ್ಟ್‌ಡಾರ್ಫ್ ಮಾಡಿದ ಭಾಷಣ, ಅವರು ಆಗ ಚರ್ಚಿನ ಅತಿ ಮೇಲಿನ ನಾಯಕ ಮಂಡಳಿಯಾದ ಫಸ್ಟ್ ಪ್ರೆಸಿಡೆನ್ಸಿಲಿದ್ರು. ಆ ಭಾಷಣದಲ್ಲಿ ಎಲ್ಲರಿಗೂ ನೆನಪಿರೋದು ನಿಮ್ಮ ನಂಬಿಕೆನ ಅನುಮಾನಿಸೋ ಮುಂಚೆ ನಿಮ್ಮ ಅನುಮಾನಗಳನ್ನ ಅನುಮಾನಿಸಿ ಅನ್ನೋ ಸಾಲು, ಆದ್ರೆ ಬಿಟ್ಟು ಹೋಗೋರ ಕಾರಣ ಅಷ್ಟು ಸರಳ ಅಲ್ಲ ಅಂತನೂ, ನಾಯಕರೂ ತಪ್ಪು ಮಾಡಿದಾರೆ ಅಂತನೂ ಅವರು ಅದರಲ್ಲೇ ಹೇಳಿದ್ರು. ಅತ್ತೆ ಮಾವ ಮೊದಲ ಸಾಲು ಎಸೆದ್ರೆ ನೀವು ಮಿಕ್ಕಿದ್ದನ್ನ ಮೆತ್ತಗೆ ನೆನಪಿಸಿ.

ರೆಕಮೆಂಡ್, ದಶಮಾಂಶ, ಬಿಷಪ್

ಬಿಷಪ್ ಅಂದ್ರೆ ಸಂಬಳ ಇಲ್ಲದ ಮನುಷ್ಯ, ವಾರವೆಲ್ಲಾ ಹಲ್ಲು ಕೀಳೋ ಡಾಕ್ಟ್ರೋ ಅಕೌಂಟೆಂಟೋ ಆಗಿದ್ದು ಸುಮಾರು ಐದು ವರ್ಷ ಈ ಹೊರೆ ಹೊರ್ತಾರೆ, ದೇವಶಾಸ್ತ್ರ ಓದಿದವರಲ್ಲ, ಕೌನ್ಸೆಲಿಂಗ್ ಟ್ರೈನಿಂಗ್ ಇಲ್ಲ. ಒಬ್ರು ಅಪ್ಪಿಕೊಳ್ತಾರೆ, ಇನ್ನೊಬ್ರು ರೆಕಮೆಂಡ್ (ಟೆಂಪಲ್ ಒಳಗೆ ಹೋಗೋಕೆ ಬೇಕಾದ ಅನುಮತಿ ಪತ್ರ) ಕಿತ್ಕೊಳ್ತಾರೆ, ಬಿಷಪ್ ರೂಲೆಟ್ ಅನ್ನೋ ಮಾತು ಹುಟ್ಟಿದ್ದೇ ಇದಕ್ಕೆ. ಹೋಗಲೇಬೇಕಾದ್ರೆ ಏನು ಕೇಳೋಕೆ ಹೋಗ್ತಿದೀರ ಅನ್ನೋದನ್ನ ಒಂದು ಸಾಲಲ್ಲಿ ಬರ್ಕೊಂಡು ಹೋಗಿ, ಅದು ಮುಗಿದ್ಮೇಲೆ ಎದ್ದು ಬನ್ನಿ.

ಟೆಂಪಲ್ ರೆಕಮೆಂಡ್ ಎರಡು ವರ್ಷಕ್ಕೆ, ಇಂಟರ್ವ್ಯೂನೂ ಎರಡು, ಪ್ರಶ್ನೆಗಳು 2019ರಿಂದ ಬಹಿರಂಗವಾಗೇ ಇವೆ. ಮನೇಲಿ ಒಬ್ಬರೇ ಕೂತು ಓದಿ ನೋಡಿ, ಯಾವುದಕ್ಕೆ ಪ್ರಾಮಾಣಿಕವಾಗಿ ಹೌದು ಅನ್ನಬಹುದು ಅಂತ. ಆಗಲ್ಲ ಅನ್ಸಿದ್ರೆ ಜಗಳ ಇಲ್ದೆ ಅವಧಿ ಮುಗಿಯೋಕೆ ಬಿಡಬಹುದು, ಆದ್ರೆ ತಂಗಿ ಮದುವೆ ಹತ್ರ ಬಂದಿದ್ಯಾ ನೋಡ್ಕೊಳಿ, ರೆಕಮೆಂಡ್ ಇಲ್ದೆ ಸೀಲಿಂಗ್ ರೂಮಿಗೆ ಬಿಡಲ್ಲ, ಸ್ವಂತ ಅಪ್ಪ ಅಮ್ಮನ್ನೂ ಬಿಡಲ್ಲ. 2019ರ ಮೇ ತಿಂಗಳಲ್ಲಿ ಇದಕ್ಕೊಂದು ದಾರಿ ಆಯ್ತು, ಅಮೆರಿಕದಲ್ಲಿ ಮೊದಲು ಸಿವಿಲ್ ಮದುವೆ ಮಾಡ್ಕೊಂಡ್ರೆ ಸೀಲಿಂಗ್‌ಗೆ ಒಂದು ವರ್ಷ ಕಾಯ್ಬೇಕಿದ್ದ ನಿಯಮ ಹೋಯ್ತು, ಎಲ್ಲರೂ ಕೂರೋ ಹಾಗೆ ಒಂದು ಮದುವೆ, ಆಮೇಲೆ ಟೆಂಪಲ್. ಕೇಳೋಕೆ ಸಂಕೋಚ ಪಡ್ಬೇಡಿ.

ದಶಮಾಂಶ ಆದಾಯದ ಹತ್ತರಲ್ಲಿ ಒಂದು ಪಾಲು, ಆದಾಯ ಅಂದ್ರೆ ತೆರಿಗೆ ಮುಂಚೆನಾ ಆಮೇಲಾ ಅಂತ ಚರ್ಚ್ ಹೇಳಿಲ್ಲ. ಚರ್ಚಿನ ಹೂಡಿಕೆಗಳನ್ನ ಮರೆಮಾಚಿದ ವಿಷಯಕ್ಕೆ 2023ರಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆ ಎಸ್‌ಇಸಿ ಒಟ್ಟು 50 ಲಕ್ಷ ಡಾಲರ್ ದಂಡ ಹಾಕಿದ್ಮೇಲೆ ಕೆಲವರು ಕೊಡೋದು ನಿಲ್ಲಿಸಿದ್ರು. ನಿಲ್ಲಿಸೋದಾದ್ರೆ ಸಂಗಾತಿ ಜೊತೆ ಮಾತಾಡಿ ನಿಲ್ಲಿಸಿ, ಬ್ಯಾಂಕ್ ಸ್ಟೇಟ್‌ಮೆಂಟಲ್ಲಿ ಗೊತ್ತಾಗೋದು ಬೇಡ.

ಮಗುಗೆ ಎಂಟು ವರ್ಷ ಆಗೋದು ನಿಜವಾದ ಪರೀಕ್ಷೆ. ಬ್ಯಾಪ್ಟಿಸಂ ವಯಸ್ಸು ಅದು, ಅಪ್ಪನೇ ನೀರಿಗಿಳಿದು ಮಾಡಿಸೋ ವಾಡಿಕೆ, ಅಜ್ಜಿ ತಾತ ಫೋಟೋಗೆ ರೆಡಿ. ರೆಕಮೆಂಡ್ ಇಲ್ದೇ ಇದ್ರೂ ಬಿಷಪ್ ಅಪ್ಪನಿಗೆ ಅನುಮತಿ ಕೊಡಬಹುದು, ಏಳೂವರೆ ವರ್ಷಕ್ಕೇ ಈ ಮಾತು ಮನೇಲಿ ಎತ್ತಿ, ವಾರ ಮುಂಚೆ ಬೇಡ.

ಸ್ವಲ್ಪ ಜಾಸ್ತಿ ಹುಷಾರಾಗಿರ್ಬೇಕಾದವರು

ಚರ್ಚಿನ ವಿಶ್ವವಿದ್ಯಾಲಯ ಬಿವೈಯು ವಿದ್ಯಾರ್ಥಿಗಳೇ, ನಿಮಗೆ ಪ್ರತಿ ವರ್ಷ ಚರ್ಚ್ ನಾಯಕರ ಎಂಡಾರ್ಸ್‌ಮೆಂಟ್ (ಒಪ್ಪಿಗೆ) ಬೇಕು, ಸದಸ್ಯರಾಗಿದ್ದು ಹೆಸರು ತೆಗೆಸಿದ್ರೆ ಕಾಲೇಜಲ್ಲಿ ಮುಂದುವರಿಯೋಕೆ ಆಗಲ್ಲ. ಬೇರೆ ಧರ್ಮದವರಾಗಿ ಸೇರಿದವರು ಆರಾಮಾಗಿ ಓದ್ತಾರೆ, ನಂಬಿಕೆ ಬದಲಾಯಿಸಿದ ನೀವು ಓದೋಹಾಗಿಲ್ಲ, ಅನ್ಯಾಯ ಅಂತ ನನಗನ್ಸುತ್ತೆ ಆದ್ರೆ ಡಿಗ್ರಿ ಕೈಗೆ ಬರೋವರೆಗೆ ಬಾಯಿಗೆ ಬೀಗ. ಚರ್ಚಲ್ಲೇ ನೌಕರಿ ಮಾಡೋರಿಗೂ ಅದೇ ಮಾತು. ಮಿಷನ್‌ಗೆ (ಧರ್ಮಪ್ರಚಾರಕ್ಕೆ) ಹೊರಟಿರೋರು, ಹುಡುಗರಿಗೆ 24 ತಿಂಗಳು ಹುಡುಗಿಯರಿಗೆ 18, ಹೋಗೋ ಮುಂಚೆ ಮುಂದೂಡೋದು ಮಧ್ಯದಲ್ಲಿ ವಾಪಸ್ ಬರೋದಕ್ಕಿಂತ ಎಷ್ಟೋ ಸುಲಭ. ಆಗಲೇ ಹೋಗಿದ್ರೆ ವಾರಕ್ಕೊಂದ್ಸಲ ಮನೆಗೆ ಕಾಲ್ ಮಾಡೋಕೆ 2019ರಿಂದ ಅವಕಾಶ ಇದೆ, ಅದರಲ್ಲಿ ನಿಜ ಹೇಳಿ, ಎಲ್ಲಾ ಚೆನ್ನಾಗಿದೆ ಅಂತ ನಾಟಕ ಬೇಡ.

ಡೌಟ್ ಪಟ್ಟಿದ್ದಕ್ಕೆ ಚರ್ಚಿಂದ ಹೊರಗೆ ಹಾಕ್ತಾರಾ ಅಂತ ಕೇಳ್ತಾರೆ. ಚರ್ಚಿನ ನಿಯಮಗಳ ಪುಸ್ತಕ ಜನರಲ್ ಹ್ಯಾಂಡ್‌ಬುಕ್ 2020ರಿಂದ ಎಲ್ಲರೂ ಓದೋಹಾಗೆ ಆನ್‌ಲೈನಲ್ಲಿದೆ, ಅದರಲ್ಲಿ ಧರ್ಮಭ್ರಷ್ಟತೆ ಅಂದ್ರೆ ಚರ್ಚನ್ನೋ ನಾಯಕರನ್ನೋ ಬೇಕಂತಲೇ, ಬಹಿರಂಗವಾಗಿ, ಪದೇ ಪದೇ ವಿರೋಧಿಸೋ ಥರದ್ದು. 1993ರ ಸೆಪ್ಟೆಂಬರಲ್ಲಿ ಆರು ಜನರ ಮೇಲೆ ಕ್ರಮ ಆಗಿದ್ದೂ ಅವರು ಬರೆದಿದ್ದಕ್ಕೆ, ಮಾತಾಡಿದ್ದಕ್ಕೆ. ಮನಸ್ಸಲ್ಲಿ ಪ್ರಶ್ನೆ ಇಟ್ಕೊಂಡು ಹಿಂದಿನ ಬೆಂಚಲ್ಲಿ ಕೂರೋದು ಆ ಪಟ್ಟಿಲಿಲ್ಲ.

ಇನ್ನು ಕಾಫಿ. ಬಿಟ್ಟವರೆಲ್ಲಾ ಮೊದಲ ವಾರವೇ ಕಪ್ ಹಿಡ್ಕೊಂಡು ಫೋಟೋ ಹಾಕ್ತಾರೆ, ಯಾಕೋ ಗೊತ್ತಿಲ್ಲ, ಕಾಫಿ ಕುಡೀಬಾರ್ದು ಅಂತ 1833ರಿಂದ ಬಂದ ನಿಯಮ ಮುರಿದ ಖುಷಿ ಇರ್ಬೇಕು. ಕುಡೀರಿ, ಫೋಟೋ ಬೇಡ. ನಿಮ್ಮಮ್ಮ ಅದನ್ನ ನೋಡಿ ಅತ್ತರೆ ಅವರ ಕಣ್ಣೀರು ಕಾಫಿಗಲ್ಲ.

ಕೊನೆಗೂ ಹೆಸರು ತೆಗೆಸೋ ನಿರ್ಧಾರಕ್ಕೇ ಬಂದ್ರೆ ಅದಕ್ಕೆ ಯಾವ ಗಡುವೂ ಇಲ್ಲ, ಹತ್ತು ವರ್ಷ ಬರ್ದೇ ಇದ್ದವರೂ ದಾಖಲೆಲಿ ಸದಸ್ಯರೇ. ಲಿಖಿತವಾಗಿ ಕೇಳ್ಬೇಕು, ಆದ್ಮೇಲೆ ವಾಪಸ್ ಬರ್ಬೇಕಂದ್ರೆ ಮತ್ತೆ ಬ್ಯಾಪ್ಟಿಸಂ. ಪತ್ರ ಕಳಿಸೋ ಮುಂಚೆ ಚರ್ಚ್ ಅಕೌಂಟಿಗೆ ಲಾಗಿನ್ ಆಗಿ ನಿಮ್ಮ ಪೇಟ್ರಿಯಾರ್ಕಲ್ ಬ್ಲೆಸಿಂಗಿನ (ಚರ್ಚಲ್ಲಿ ನಿಮಗಂತಲೇ ಕೊಟ್ಟ ಆಶೀರ್ವಾದ) ಕಾಪಿ, ಮಕ್ಕಳ ಬ್ಯಾಪ್ಟಿಸಂ ತಾರೀಖುಗಳು, ಎಲ್ಲಾ ಪ್ರಿಂಟ್ ತೆಗೆದಿಟ್ಕೊಳಿ. ಅಜ್ಜ ಮುತ್ತಜ್ಜರ ಮರ ಕಟ್ಟಿರೋ ಫ್ಯಾಮಿಲಿಸರ್ಚ್ ಬಗ್ಗೆ ತಲೆ ಕೆಡಿಸ್ಕೊಳ್ಬೇಡಿ, ಅದು ಸದಸ್ಯರಲ್ಲದವರಿಗೂ ಫ್ರೀ.