ಮನೆಯೊಳಗಿನ ಅಧಿಕಾರದ ಬಗ್ಗೆ ಬರೆಯುವುದು: ನನ್ನ ಅನುಭವ

ಕುಟುಂಬ, ಸಮಾಜ, ಅಧಿಕಾರ ಅಂತ ದೊಡ್ಡದಾಗಿ ಯೋಚಿಸುತ್ತಾ ಬರೆಯಲು ಕೂತರೆ ಮೊದಲ ಪುಟದಲ್ಲೇ ಭಾಷಣ ಶುರುವಾಗುತ್ತದೆ. ಹಾಗಾಗಿ ಪ್ರಬಂಧ ಬರೆಯುವಾಗ ನಾನು ಯಾವುದಾದರೂ ಒಂದು ವ್ಯವಹಾರ ಹಿಡಿದು ಹೊರಡುತ್ತೇನೆ. ಯಾರು ಸಹಿ ಹಾಕಿದರು, ದುಡ್ಡು ಯಾರ ಕೈಯಿಂದ ಯಾರ ಕೈಗೆ ಹೋಯಿತು, ಬೀರುವಿನ ಬೀಗದಕೈ ಯಾರ ಹತ್ತಿರ ಇದೆ. ಮನೆಯೊಳಗೆ ಅಧಿಕಾರ ಇರುವುದು ಇಂಥ ಕಡೆ. ಜಗಳದಲ್ಲಿ ಹೊರಗೆ ಬೀಳುವುದು ಅದರ ಸ್ವಲ್ಪ ಭಾಗ ಮಾತ್ರ.

ಬೆಂಗಳೂರಿನ ಮನೆಗಳಲ್ಲಿ ಇದಕ್ಕೆ ಸಿಗುವ ಒಳ್ಳೆಯ ಆಕರ ಅಂದರೆ ಹಕ್ಕು ಬಿಡುಗಡೆ ಪತ್ರ, ಆಸ್ತಿಯಲ್ಲಿ ತಮ್ಮ ಪಾಲು ಬಿಟ್ಟೆವೆಂದು ಅಕ್ಕತಂಗಿಯರು ಅಣ್ಣತಮ್ಮಂದಿರಿಗೆ ಬರೆದುಕೊಡುವ ಆ ನಾಲ್ಕಾರು ಹಾಳೆ. ನಾನು ಮೊದಲು ನೋಡುವುದು ಕೊನೆಯ ಪುಟ. ಬರೆದುಕೊಟ್ಟವರ ಜಾಗದಲ್ಲಿ ಸಹಿ ಇದೆಯೋ ಎಡಗೈ ಹೆಬ್ಬೆಟ್ಟೋ? ಸಾಕ್ಷಿ ಹಾಕಿದವರು ಯಾರ ಕಡೆಯವರು? ಹಳೇ ಪತ್ರವಾದರೆ ಬಿಕ್ಕಲಂ, ಅಂದರೆ ಪತ್ರ ಬರೆದ ಕೈಬರಹ, ಯಾರದು? ಆಮೇಲೆ ಹಾಳೆ ತಿರುಗಿಸಿ ಉಪನೋಂದಣಾಧಿಕಾರಿಯ ಷರಾ ಓದಬೇಕು. ಪತ್ರ ಹಾಜರುಪಡಿಸಿದವರ ಹೆಸರು, ತಾರೀಖು, ಗಂಟೆ ಎಲ್ಲ ಅಲ್ಲಿರುತ್ತದೆ. ಕೊನೆಗೆ ಪ್ರತಿಫಲದ ಸಾಲು. ಎಷ್ಟೋ ಪತ್ರಗಳಲ್ಲಿ ಅದು 'ಅರಿಶಿನ ಕುಂಕುಮಕ್ಕಾಗಿ' ಎಂದಿರುತ್ತದೆ, ಅದರ ಆಚೀಚೆಯೇ 'ಯಾರ ಬಲವಂತವೂ ಇಲ್ಲದೆ, ಸ್ವಇಚ್ಛೆಯಿಂದ' ಎಂದೂ ಇರುತ್ತದೆ. ಈ ಸಾಲುಗಳಿಗೆ ವ್ಯಾಖ್ಯಾನ ಬರೆಯಬೇಡಿ. ಇದ್ದ ಹಾಗೇ ಎತ್ತಿಕೊಂಡು, ಕೆಳಗೆ ಆ ವರ್ಷ ಆ ಬಡಾವಣೆಯಲ್ಲಿ ನಿವೇಶನಕ್ಕೆ ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ಬೆಲೆ ಎಷ್ಟಿತ್ತು ಅಂತ ಹಾಕಿದರೆ ಓದುವವರಿಗೆ ಬೇಕಾದ್ದು ಸಿಕ್ಕಿತು.

ಮನೆಯಲ್ಲಿ ಪತ್ರ ಕೊಡದಿದ್ದರೆ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪ್ರಮಾಣಪತ್ರಕ್ಕೆ (ಇ.ಸಿ.) ಅರ್ಜಿ ಹಾಕಬಹುದು. ಅದರಲ್ಲಿ ದಸ್ತಾವೇಜಿನ ಸಂಖ್ಯೆ, ತಾರೀಖು, ಎರಡೂ ಕಡೆಯವರ ಹೆಸರು ಬರುತ್ತದೆ. ಸಂಖ್ಯೆ ಗೊತ್ತಾದ ಮೇಲೆ ದೃಢೀಕೃತ ನಕಲು ಕೇಳಿ. ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ ಸ್ಥಿರಾಸ್ತಿ ಪತ್ರಗಳಿರುವ 1ನೇ ಪುಸ್ತಕವನ್ನು ಯಾರು ಬೇಕಾದರೂ ನೋಡಬಹುದು. ವಿಲ್ ಹಾಗಲ್ಲ, ಅದು 3ನೇ ಪುಸ್ತಕದಲ್ಲಿರುತ್ತದೆ, ಬರೆದವರು ಬದುಕಿರುವ ತನಕ ಬೇರೆಯವರಿಗೆ ನಕಲು ಸಿಗುವುದಿಲ್ಲ.

ಪತ್ರದ ತಾರೀಖು ನೋಡದೆ ಒಂದು ವಾಕ್ಯವನ್ನೂ ಬರೆಯಬಾರದು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಎಂದು ಕರ್ನಾಟಕ 1994ರ ಜುಲೈ 30ರಿಂದ ಒಪ್ಪಿತು, ಆದರೆ ಅಷ್ಟರಲ್ಲಿ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಜಾರಿಯಾದಾಗ ಮದುವೆಯ ಅಡ್ಡಿ ಹೋಯಿತು. ಆದರೂ 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ವಿಭಾಗಪತ್ರಗಳನ್ನು ಅದು ಮುಟ್ಟಲಿಲ್ಲ. ಮಗಳಿಗೆ ಈ ಹಕ್ಕು ಸಿಗಲು ತಂದೆ 2005ರಲ್ಲಿ ಬದುಕಿದ್ದಿರಬೇಕೇ ಎಂಬ ಗೊಂದಲ ಬಗೆಹರಿದದ್ದು 2020ರ ಆಗಸ್ಟ್ 11ರಂದು, ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಹಾಗೇನೂ ಬೇಕಿಲ್ಲ ಎಂದಾಗ.

ಬರೆಯುವವರು ಹೆಚ್ಚಾಗಿ ಎಡವುವುದು ಇನ್ನೊಂದು ಕಡೆ. ಬೆಂಗಳೂರಿನಲ್ಲಿ ಅಪ್ಪ ಸಂಬಳದ ದುಡ್ಡಿನಲ್ಲಿ ಬಿಡಿಎ ನಿವೇಶನ ಕೊಂಡು ಕಟ್ಟಿಸಿದ ಮನೆಯನ್ನೂ ಪಿತ್ರಾರ್ಜಿತ ಅಂತ ಬರೆದುಬಿಡುತ್ತಾರೆ. ಅದು ಸ್ವಯಾರ್ಜಿತ. ಅಪ್ಪ ವಿಲ್ ಮಾಡದೆ ತೀರಿಕೊಂಡಿದ್ದರೆ 1956ರ ಕಾಯ್ದೆಯಿಂದಲೇ ಮಗಳಿಗೂ ಮಗನಷ್ಟೇ ಪಾಲು. ಇಂಥ ಮನೆಯ ಬಗ್ಗೆ 'ಆಗೆಲ್ಲ ಕಾನೂನು ಇರಲಿಲ್ಲ, ಪಾಪ' ಅಂತ ಬರೆದರೆ ಬಿಡಿಸಿಕೊಂಡವರ ಹೊಣೆಯನ್ನು ನಾವೇ ಇಳಿಸಿದ ಹಾಗಾಗುತ್ತದೆ. ಹಕ್ಕು ಇತ್ತು. ಅದನ್ನು ಬಿಡಿಸಿಕೊಂಡದ್ದು ಹೇಗೆ ಅನ್ನುವುದೇ ಪ್ರಬಂಧ.

ಈಗಿನ ಕಾಲದ ದುಡ್ಡಿಗೂ ಇದೇ ರೀತಿ. ಆಹಾರ ಭದ್ರತಾ ಕಾಯ್ದೆ ಬಂದದ್ದು 2013ರಲ್ಲಿ, ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಂಗಸೇ ಯಜಮಾನಿ ಎಂದು ಅದು ಹೇಳುತ್ತದೆ. 2023ರ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಬರುವುದೂ ಆ ಹೆಸರಿಗೇ. ಇಲ್ಲಿಗೆ ನಿಲ್ಲಿಸಿದರೆ ಸರ್ಕಾರಿ ಪ್ರಕಟಣೆಯಾಗುತ್ತದೆ. ಬ್ಯಾಂಕಿನ ಮೆಸೇಜು ಯಾರ ಫೋನಿಗೆ ಬರುತ್ತದೆ, ಎಟಿಎಂ ಕಾರ್ಡು ಯಾರ ಪರ್ಸಿನಲ್ಲಿದೆ, ಅತ್ತೆ ಸೊಸೆ ಒಂದೇ ಚೀಟಿಯಲ್ಲಿದ್ದರೆ ಯಾರು ಯಾರನ್ನು ಕೇಳಬೇಕು, ಇವನ್ನೆಲ್ಲ ಕೇಳಿ ಬರೆದುಕೊಳ್ಳಬೇಕು.

ಕೇಳುವ ಹೊತ್ತೂ ಮುಖ್ಯ. ಹಾಲ್‌ನಲ್ಲಿ ಎಲ್ಲರೆದುರು ಕೇಳಿದರೆ ಮನೆಯ ಯಜಮಾನರು ಉತ್ತರ ಕೊಡುತ್ತಾರೆ. ಅದೇ ಪ್ರಶ್ನೆಯನ್ನು ಅಮ್ಮ ಸೊಪ್ಪು ಬಿಡಿಸುವಾಗ ಕೇಳಿದರೆ ಬೇರೆ ಉತ್ತರ ಬರುತ್ತದೆ. ಎರಡನ್ನೂ ಬರೆದುಕೊಂಡು, ಯಾವುದು ಎಲ್ಲಿ ಹೇಳಿದ್ದು ಅಂತ ಪಕ್ಕದಲ್ಲಿ ಗುರುತು ಹಾಕುತ್ತೇನೆ. ಮೊಬೈಲ್ ರೆಕಾರ್ಡಿಂಗ್ ಇಟ್ಟರೆ ಮಾತು ಬಿಗಿಯಾಗಿಬಿಡುತ್ತದೆ, ಅದಕ್ಕೇ ನನಗೆ ಪುಸ್ತಕವೇ ಸರಿ. ಮನೆಗೆಲಸಕ್ಕೆ ಬರುವವರನ್ನು ಪ್ರಬಂಧದಿಂದ ಬಿಡಬಾರದು. ಮನೆಗೆಲಸಕ್ಕೆ ಕನಿಷ್ಠ ಕೂಲಿ ನಿಗದಿ ಮಾಡಿ ಕರ್ನಾಟಕ ಅಧಿಸೂಚನೆ ಹೊರಡಿಸಿದ್ದು 2004ರಲ್ಲಿ. ನಮ್ಮ ಅಡುಗೆಮನೆಯಲ್ಲಿ ಅವರ ಲೋಟ ಬೇರೆ ಇದ್ದರೆ ನಮ್ಮ ಮನೆಯೂ ಯಾರದೋ ಮೇಲೆ ಅಧಿಕಾರ ನಡೆಸುತ್ತಿದೆ. ಅದನ್ನು ಬಿಟ್ಟು ಅಪ್ಪನ ಬಗ್ಗೆ ಮಾತ್ರ ಬರೆಯುವುದು ಅಪ್ರಾಮಾಣಿಕ.

ಸಹಿ ಯಾರದು ಎಂಬ ಪ್ರಶ್ನೆಯನ್ನು ಊರಿಗೂ ಕೇಳಬಹುದು. ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ಬೀದಿಯ ಕೆಲಸಕ್ಕೆ ಸಹಿ ಹಾಕಿದವರು ಅಧಿಕಾರಿಗಳು. ನಿಮ್ಮ ಬೀದಿಯ ಕಡತ ಬೇಕಿದ್ದರೆ ಮಾಹಿತಿ ಹಕ್ಕು ಅರ್ಜಿಗೆ 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಇದನ್ನು ಮರೆತು ಉದ್ದ ಬರೆದರೆ ಅರ್ಜಿ ವಾಪಸ್ ಬರುತ್ತದೆ.

ಕರಡು ಮುಗಿದ ಮೇಲೆ ಪಿತೃಪ್ರಧಾನತೆ, ಶೋಷಣೆ, ವ್ಯವಸ್ಥೆ ಎಂಬ ಪದಗಳಿಗೆಲ್ಲ ಗೆರೆ ಎಳೆಯುತ್ತೇನೆ. ಗೆರೆ ಎಳೆದ ಮೇಲೂ ವಾಕ್ಯ ನಿಂತರೆ ಸರಿ, ಬಿದ್ದರೆ ಅಲ್ಲಿ ವಿವರ ಸಾಲದು ಎಂದರ್ಥ, ಮತ್ತೆ ಹೋಗಿ ಕೇಳಬೇಕು. ಹೆಸರು ಬದಲಿಸಿದರೆ ಸಾಲದು, ಬಡಾವಣೆ, ಉದ್ಯೋಗ, ಮಕ್ಕಳ ಸಂಖ್ಯೆ ಸೇರಿಸಿ ನೋಡಿದರೆ ನೆಂಟರಿಗೆ ಮನೆ ಗೊತ್ತಾಗಿಬಿಡುತ್ತದೆ. ಇವುಗಳಲ್ಲಿ ಕನಿಷ್ಠ ಎರಡನ್ನು ಬಿಡಬೇಕು. ಮಾನನಷ್ಟದ ಕಲಂ ಈಗ ಭಾರತೀಯ ನ್ಯಾಯ ಸಂಹಿತೆಯ 356. ಕ್ರಿಮಿನಲ್ ಕೇಸಿನಲ್ಲಿ ಬರೆದದ್ದು ನಿಜ ಅಂದರಷ್ಟೇ ಆಗುವುದಿಲ್ಲ, ಸಾರ್ವಜನಿಕ ಹಿತವೂ ಇರಬೇಕು. ತೀರಿಕೊಂಡ ತಾತನ ಬಗ್ಗೆ ಬರೆದರೂ ಅದು ಅನ್ವಯಿಸಬಹುದು.

ಪ್ರಕಟಣೆಗೆ ಕಳಿಸುವ ಮೊದಲು ಪತ್ರಕ್ಕೆ ಹೆಬ್ಬೆಟ್ಟು ಹಾಕಿದವರಿಗೆ ಪೂರ್ತಿ ಓದಿ ಹೇಳುತ್ತೇನೆ. ಅವರು ತೆಗೆಯಿರಿ ಅಂದದ್ದನ್ನು ಕಾರಣ ಕೇಳದೆ ತೆಗೆಯುತ್ತೇನೆ. ಆಸ್ತಿ ಸಿಕ್ಕವರಿಗೂ ಓದಿ ಹೇಳುತ್ತೇನೆ, ಅವರು ತೆಗೆಯಿರಿ ಅಂದರೆ ಮಾತ್ರ ದಾಖಲೆ ಕೇಳುತ್ತೇನೆ.