ಇಳಿಯುವವರೇ, ಹತ್ತುವ ಗಾಡಿಗೆ ದಾರಿ ಬಿಡಿ

ಮೊನ್ನೆ ಮಡಿಕೇರಿ ಹತ್ತಿರದ ಗಾಳಿಬೀಡು ಕಡೆಯ ಇಕ್ಕಟ್ಟು ಏರಿನಲ್ಲಿ ಕಾಫಿ ಮೂಟೆ ತುಂಬಿದ ಪಿಕಪ್ ಫಸ್ಟ್ ಗೇರಿನಲ್ಲಿ ಏದುಸಿರು ಬಿಡುತ್ತಾ ಹತ್ತುತ್ತಿತ್ತು. ಎದುರಿಗೆ ಇಳಿದು ಬಂದ ಕಾರಿನವರು ಹಿಂದಕ್ಕೆ ಹೋಗದೆ ಲೈಟ್ ಹೊಡೆಯುತ್ತಲೇ ಇದ್ದರು. ಕೊನೆಗೆ ಕ್ಲೀನರ್ ಹುಡುಗ ಹಾರಿ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಡಬೇಕಾಯಿತು.

ಇದು ಬರೀ ಮರ್ಯಾದೆಯ ಮಾತಲ್ಲ ಮಾರಾಯ್ರೆ, ಕಾನೂನೇ ಇದೆ. 2017ರ ಚಾಲನಾ ನಿಯಮಗಳ ಪ್ರಕಾರ, ಎರಡು ಗಾಡಿ ದಾಟಲು ಜಾಗವಿಲ್ಲದ ಬೆಟ್ಟದ ರಸ್ತೆಯಲ್ಲಿ ಹತ್ತುವವರಿಗೇ ಮೊದಲ ಹಕ್ಕು. ಈ ನಿಯಮಗಳನ್ನು ಮುರಿದರೆ 500ರಿಂದ 1,000 ರೂಪಾಯಿ ದಂಡ. ಅರ್ಧ ಏರಿನಲ್ಲಿ ನಿಂತ ಲೋಡ್ ಗಾಡಿಯನ್ನು ಮತ್ತೆ ಎಳೆಸುವ ಕಷ್ಟ ನಮ್ಮೂರಿನವರಿಗೆ ಹೇಳಬೇಕೇ?

ಜೀಪಿನ ಮುಂದೆ ಚಂದಕ್ಕೆ ಹಾಕಿಸುವ ಲೋಹದ ಅಡ್ಡಕಂಬಿ, ಅಂದರೆ ಬುಲ್ ಗಾರ್ಡ್‌ಗೂ ನಿಷೇಧವಿದೆ. ಅನುಮತಿಯಿಲ್ಲದ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯಲ್ಲಿ ಒಂದೊಂದಕ್ಕೂ 5,000 ರೂಪಾಯಿ ದಂಡ.

ಎಲ್ಲಕ್ಕಿಂತ ದುಬಾರಿಯದ್ದು ಬೇರೆ. ತೋಟದೊಳಗೆ ಜೀಪ್ ಕಲಿತ ಹುಡುಗನನ್ನು ‘ಅಂಗಡಿವರೆಗೆ ತಾನೇ’ ಎಂದು ಡಾಂಬರು ರಸ್ತೆಗೆ ಕಳಿಸುತ್ತೇವಲ್ಲ, ಅವನಿಗೆ 18 ತುಂಬದೆ ಸಿಕ್ಕಿಬಿದ್ದರೆ ಅಪ್ಪನಿಗೋ ಮಾಲೀಕರಿಗೋ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸೂ ಸಿಗುವುದಿಲ್ಲ.