ಕಾರ್ಲೊ ಟ್ರೆಸ್ಕಾನ ಜಾಡು: ಪೊಲೀಸ್ ಕಡತ, ವಂತಿಗೆ ಪಟ್ಟಿ, 30 ಸಾವಿರ ರೂಪಾಯಿಗೂ ಹೆಚ್ಚು

ರೋಮ್‌ಗೆ ಹೋಗದೆ, ಇಟಾಲಿಯನ್ ಸರಾಗವಾಗಿ ಬಾರದೆ, ಇಟಲಿಯಿಂದ ಅಮೆರಿಕಕ್ಕೆ ವಲಸೆ ಹೋದ ಅರಾಜಕತಾವಾದಿ ಕಾರ್ಮಿಕ ನಾಯಕ, ಪತ್ರಿಕಾ ಸಂಪಾದಕ ಟ್ರೆಸ್ಕಾನ ಬದುಕನ್ನು ವರ್ಷವಾರು ಕಟ್ಟಲಾಗದು ಅಂದವರೇ ಹೆಚ್ಚು. ಈಗ ನನ್ನ ಹಾಳೆಯಲ್ಲಿ 1904ರಿಂದ 1943ರವರೆಗೆ ಒಂದು ವರ್ಷವೂ ಖಾಲಿ ಇಲ್ಲ. ಹಡಗಿನ ಪಟ್ಟಿ, ಜನಗಣತಿ ಹಾಳೆ ಓದುವುದು ನಿಮಗೆ ಗೊತ್ತಿರುತ್ತದೆ. ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ.

ಮೊದಲ ತಪ್ಪು ದುಬಾರಿಯಾಯಿತು. ಎಲ್ಲರಂತೆ ಪೌರತ್ವದ ದಾಖಲೆಯಿಂದ ಶುರುಮಾಡಿದೆ. ಹುಡುಕಾಟದ ಶುಲ್ಕ, ಚಂದಾ ಜಾಲತಾಣ ಎಲ್ಲ ಸೇರಿ ಹದಿಮೂರು ಹದಿನಾಲ್ಕು ಸಾವಿರ ನೀರುಪಾಲು. ಟ್ರೆಸ್ಕಾ ಅಮೆರಿಕದ ಪೌರನಾಗಲೇ ಇಲ್ಲ, ಗಡೀಪಾರಿನ ಕತ್ತಿ ತಲೆಯ ಮೇಲೆ ತೂಗುತ್ತಲೇ ಇತ್ತು. ಇಂಥವರನ್ನು ಹುಡುಕಬೇಕಾದದ್ದು ಅವರು ಸಹಿ ಹಾಕಿದ ಕಾಗದದಲ್ಲಿ ಅಲ್ಲ, ಅವರ ಬೆನ್ನು ಬಿದ್ದವರು ಬರೆದ ಕಾಗದದಲ್ಲಿ.

ಹಾಗಾಗಿ ಎರಡನೇ ಸಲ ರೋಮ್‌ನ ಕೇಂದ್ರ ಸರಕಾರಿ ದಫ್ತರಖಾನೆಯ ಕಸೆಲ್ಲಾರಿಯೊ ಪೊಲಿತಿಕೊ ಚೆಂತ್ರಾಲೆಗೆ ಕೈ ಹಾಕಿದೆ. ಇಟಲಿ ಪೊಲೀಸರು ಇಟ್ಟ, ಸುಮಾರು ಒಂದೂವರೆ ಲಕ್ಷ 'ಬಂಡಾಯಗಾರರ' ಕಡತಗಳಿರುವ ಜಾಗ ಅದು. ಸೂಚಿ ಜಾಲದಲ್ಲೇ ಇದೆ: ಹೆಸರು, ಹುಟ್ಟೂರು, ರಾಜಕೀಯ ಬಣ್ಣ, ಪೆಟ್ಟಿಗೆ ಸಂಖ್ಯೆ. ಸಂಖ್ಯೆ ಕೈಯಲ್ಲಿದ್ದರೆ ಅಲ್ಲಿನ ಬಾಡಿಗೆ ಸಂಶೋಧಕರು ಗಂಟೆಯ ಲೆಕ್ಕದಲ್ಲಿ ಫೋಟೊ ತೆಗೆದು ಕಳಿಸುತ್ತಾರೆ. ನನಗೆ ಇನ್ನೂರಕ್ಕೂ ಮೇಲ್ಪಟ್ಟ ಪುಟಗಳಿಗೆ ಹದಿನೆಂಟು ಸಾವಿರದ ಆಸುಪಾಸು ಆಯಿತು. ಸಂಖ್ಯೆ ಇಲ್ಲದೆ ಬರೆದರೆ ಹುಡುಕುವುದಕ್ಕೇ ಅಷ್ಟು ಕೇಳುತ್ತಾರೆ.

ಕಡತ ಬಂದ ಮೇಲೆ ಮೊದಲು ಜೀವನ ವಿವರದ ಹಾಳೆ ತೆರೆಯಿರಿ. ಎತ್ತರ, ಕೂದಲು, ಗಡ್ಡ, ನಡಿಗೆಯ ರೀತಿ, ಎಲ್ಲಕ್ಕೂ ಕಾಲಂಗಳಿವೆ. ಒಂದೇ ಹೆಸರಿನ ಇಬ್ಬರನ್ನು ಬೇರ್ಪಡಿಸಲು ಇದಕ್ಕಿಂತ ಒಳ್ಳೆಯ ಸಾಧನ ಸಿಗದು. 1909ರಲ್ಲಿ ಅವನ ಮೇಲೆ ಚೂರಿ ಬೀಸಿದ್ದರು. ಆ ಗಾಯದ ಗುರುತು ಮುಚ್ಚಲು ಗಡ್ಡ ಬಿಟ್ಟ. ಗಡ್ಡದ ಮೊದಲು, ಗಡ್ಡದ ನಂತರ ಎಂದು ವರ್ಣನೆಗಳನ್ನು ವಿಂಗಡಿಸಿಟ್ಟುಕೊಂಡೆ.

ಆದರೆ ಕಡತದಲ್ಲಿರುವ, ಅಮೆರಿಕದಲ್ಲಿದ್ದ ಇಟಲಿಯ ಕಾನ್ಸಲ್‌ಗಳ (ರಾಜತಾಂತ್ರಿಕ ಪ್ರತಿನಿಧಿಗಳ) ವರದಿಯನ್ನು ನಂಬಿ ಕೂತರೆ ಕೆಟ್ಟಿರಿ. ಮಾಹಿತಿದಾರನಿಗೆ ಸಿಗುವ ಕಾಸು ಸುದ್ದಿಗೆ ತಕ್ಕಂತೆ, ಹಾಗಾಗಿ ಸುದ್ದಿ ಉಬ್ಬುತ್ತದೆ. ಕಾಗದದ ಮೇಲಿನ ತಾರೀಖು ವರದಿ ಬರೆದ ದಿನದ್ದು, ಘಟನೆಯದ್ದಲ್ಲ. ನಾನು ಇದನ್ನು ಗಮನಿಸದೆ ಎರಡು ಕಡೆ ವಾರಗಟ್ಟಲೆ ಹಿಂದುಮುಂದು ಮಾಡಿ, ಎಲ್ಲ ಕಿತ್ತು ಮತ್ತೆ ಕಟ್ಟಿದೆ.

ಪರಿಹಾರ ಸಿಕ್ಕಿದ್ದು ವಲಸಿಗರ ಪತ್ರಿಕೆಗಳ ಕೊನೆಯ ಪುಟದಲ್ಲಿ. ಸಂಪಾದಕೀಯ ಬಿಡಿ, ವಂತಿಗೆ ಪಟ್ಟಿ ನೋಡಿ: ಯಾವ ಊರು, ಯಾರು, ಎಷ್ಟು ಸೆಂಟ್. ಅದರ ಪಕ್ಕದಲ್ಲೇ ಭಾಷಣ ಪ್ರವಾಸದ ಸೂಚನೆ, 'ಪಿಕ್ಕೊಲಾ ಪೊಸ್ತಾ' ಎಂಬ ಚುಟುಕು ಉತ್ತರಗಳು. ಭಾಷಣ ಆದ ವಾರ ಆ ಊರಿನಿಂದ ವಂತಿಗೆ ಏರಿದರೆ ಅವನು ನಿಜಕ್ಕೂ ಅಲ್ಲಿಗೆ ಹೋಗಿದ್ದ ಎಂದೇ ಲೆಕ್ಕ. ಏರದಿದ್ದರೆ ಸಭೆ ರದ್ದಾಯಿತೇ ಎಂದು ಊರಿನ ಇಂಗ್ಲಿಷ್ ಪತ್ರಿಕೆಯಲ್ಲಿ ನೋಡಬೇಕು. ಇನ್ನೊಬ್ಬ ಇಟಾಲಿಯನ್ ಅರಾಜಕತಾವಾದಿ ಲುಯಿಜಿ ಗಲೆಯಾನಿಯ ಪತ್ರಿಕೆ 'ಕ್ರೋನಾಕಾ ಸೊವ್ವೆರ್ಸಿವಾ', ಹಳೆಯ ಪತ್ರಿಕೆಗಳ ಕ್ರೋನಿಕ್ಲಿಂಗ್ ಅಮೆರಿಕ ತಾಣದಲ್ಲಿ ಬಿಟ್ಟಿಯಾಗಿ ಇದೆ. ಆ ಬಣಕ್ಕೂ ಟ್ರೆಸ್ಕಾಗೂ ಆಮೇಲೆ ಎಣ್ಣೆ ಸೀಗೇಕಾಯಿ. ನಮಗೆ ಅದು ಒಳ್ಳೆಯದೇ: ಹಗೆಯವನು ಬೈಯುವಾಗಲೂ ಊರು, ದಿನ ಬರೆಯುತ್ತಾನೆ.

ಯಂತ್ರ ಓದಿದ ಪಠ್ಯದಲ್ಲಿ 'ಟ್ರೆಸ್ಕಾ' ಎಂದಷ್ಟೇ ಹುಡುಕಿದರೆ ಅರ್ಧ ತಪ್ಪಿಹೋಗುತ್ತದೆ. ಸಾಲಿನ ಕೊನೆಯಲ್ಲಿ ಹೆಸರು ಒಡೆದಿರುತ್ತದೆ, 'T' ಹೋಗಿ 'F' ಆಗಿರುತ್ತದೆ. ನಾನು ಹನ್ನೊಂದು ರೂಪಾಂತರಗಳ ಪಟ್ಟಿ ಇಟ್ಟುಕೊಂಡಿದ್ದೇನೆ. ಪೂರ್ತಿ ಕೊಡುವುದಿಲ್ಲ, ಅದು ಬೆವರಿನ ಗಳಿಕೆ. ಒಂದು ಸುಳಿವು: ಹೆಸರಿನ ಬದಲು ಹೆಸರಿಗೆ ಮೊದಲು ಬರುವ ಪದ ಹುಡುಕಿ.

ನಡುವೆ ಒಂದು ಅಡ್ಡದಾರಿ. ಇದೇ ವಿಧಾನವನ್ನು ಗಲೆಯಾನಿ ಮೇಲೂ ಪ್ರಯೋಗಿಸಿದೆ. ವರ್ಮಾಂಟ್‌ನ ಬ್ಯಾರಿಯಲ್ಲಿ 1903ರಲ್ಲಿ ಪತ್ರಿಕೆ, 1912ರಲ್ಲಿ ಮ್ಯಾಸಚೂಸೆಟ್ಸ್‌ನ ಲಿನ್‌ಗೆ ಸ್ಥಳಾಂತರ, 1919ರಲ್ಲಿ ಗಡೀಪಾರು: ಚೌಕಟ್ಟು ಸುಲಭವಾಗಿ ನಿಂತಿತು. ಆದರೆ 'ಮೆಂತಾನಾ', 'ಜಿ. ಪಿಂಪಿನೊ' ಎಂಬ ಗುಪ್ತನಾಮಗಳ ಹಿಂದೆ ಬಿದ್ದು ತಿಂಗಳು ಹೋಯಿತು. ಗುಪ್ತನಾಮಕ್ಕೆ ಮೊದಲೇ ಬೇರೆ ಹಾಳೆ ಮಾಡಿಕೊಳ್ಳಿ.

ಟ್ರೆಸ್ಕಾನ ವಿಷಯದಲ್ಲಿ ಎರಡು ಕಡೆ ದಾಖಲೆ ಸಮೃದ್ಧ. 1916ರ ಮಿನ್ನೆಸೋಟದ ಮೆಸಾಬಿ ಕಬ್ಬಿಣ ಗಣಿ ಮುಷ್ಕರ: ಜುಲೈನಲ್ಲಿ ಕೊಲೆ ಆರೋಪದ ಬಂಧನ, ಡುಲುತ್ ಜೈಲು, ಡಿಸೆಂಬರ್‌ನಲ್ಲಿ ಬಿಡುಗಡೆ. ಮಿನ್ನೆಸೋಟದ ಹಳೆಯ ಪತ್ರಿಕೆಗಳು ಜಾಲದಲ್ಲಿ ಉಚಿತ. ಇನ್ನೊಂದು 1923ರ ಮೊಕದ್ದಮೆ. ಅವನ ಪತ್ರಿಕೆ 'ಇಲ್ ಮಾರ್ತೆಲ್ಲೊ'ದಲ್ಲಿ ಸಂತಾನ ನಿಯಂತ್ರಣದ ಪುಸ್ತಕದ್ದೊಂದು ಪುಟ್ಟ ಜಾಹೀರಾತು, ಅದಕ್ಕೆ ಒಂದು ವರ್ಷ ಒಂದು ದಿನ ಶಿಕ್ಷೆ! ಇದರ ಹಿಂದೆ ಮುಸೊಲಿನಿ ಸರಕಾರದ ರಾಯಭಾರಿಯ ಒತ್ತಡವಿತ್ತು, ಹಾಗಾಗಿ ಎರಡೂ ದೇಶಗಳ ಕಾಗದವನ್ನು ಎದುರುಬದುರು ಇಟ್ಟು ಓದಬೇಕು. ಅಮೆರಿಕದ ಅಧ್ಯಕ್ಷ ಕೂಲಿಜ್ ಶಿಕ್ಷೆ ಇಳಿಸಿದ್ದರಿಂದ 1925ರಲ್ಲಿ ಅಟ್ಲಾಂಟಾ ಜೈಲಿನಲ್ಲಿ ಇದ್ದದ್ದು ನಾಲ್ಕು ತಿಂಗಳಷ್ಟೇ.

ಅಮೆರಿಕದ ತನಿಖಾ ಬ್ಯೂರೋದ (ಮುಂದೆ ಎಫ್‌ಬಿಐ ಆದದ್ದು) 1922ರವರೆಗಿನ ಹಳೆಯ ಕಡತಗಳು ಫೋಲ್ಡ್‌3 ಎಂಬ ಜಾಲತಾಣದಲ್ಲಿವೆ. ನಂತರದ್ದಕ್ಕೆ ಎಫ್‌ಬಿಐಗೆ ಮಾಹಿತಿ ಹಕ್ಕಿನ ಅರ್ಜಿ. ವ್ಯಕ್ತಿ ಹುಟ್ಟಿ ನೂರು ವರ್ಷ ದಾಟಿದ್ದರೆ ಮರಣ ಪ್ರಮಾಣಪತ್ರ ಲಗತ್ತಿಸಬೇಕಿಲ್ಲ. ಟ್ರೆಸ್ಕಾ ಹುಟ್ಟಿದ್ದು ಇಟಲಿಯ ಸುಲ್ಮೋನಾದಲ್ಲಿ, 1879ರಲ್ಲಿ. ಹಾಗೆಂದು ಪ್ರಮಾಣಪತ್ರ ಬೇಡವೆಂದಲ್ಲ. ನ್ಯೂಯಾರ್ಕ್ ನಗರದ ದಫ್ತರಖಾನೆ 1948ರವರೆಗಿನ ಮರಣ ದಾಖಲೆಗಳನ್ನು ಜಾಲಕ್ಕೆ ಏರಿಸುತ್ತ ಬಂದಿದೆ, ಕಾಸು ಕೇಳುವುದಿಲ್ಲ. ಅವನನ್ನು ಗುಂಡಿಟ್ಟು ಕೊಂದದ್ದು 1943ರ ಜನವರಿ 11ರ ರಾತ್ರಿ, ಫಿಫ್ತ್ ಅವೆನ್ಯೂ ಮತ್ತು 15ನೇ ಬೀದಿಯ ಮೂಲೆಯಲ್ಲಿ. ಹಾಗಾಗಿ ಮ್ಯಾನ್‌ಹಟನ್ ಸಂಪುಟವನ್ನೇ ತೆರೆಯಿರಿ, ನಗರದ ಐದೂ ಬರೋಗಳಲ್ಲಿ (ವಿಭಾಗಗಳಲ್ಲಿ) ಅಲೆಯಬೇಡಿ.